ಎಡಗೈಗೆ ಹಾಕಿದ ಕಾಲುಚೀಲ

ಆಸಾಡಿ ತಿಂಗಳಲ್ಲಿ ಮಗಳು ತವರಿಗೆಂದು ಗುಲ್ವಾಡಿಗೆ ಬಂದಾಗ, ಅವಳ ಸೊಂಟದ ಮೇಲಿದ್ದ ನಾಲ್ಕು ವರ್ಷದ ಮೊಮ್ಮಗಳ ಎಡಗೈಗೆ ಒಂದು ಕಾಲುಚೀಲ ಹಾಕಿತ್ತು. ನೀಲಿ ಬಣ್ಣದ್ದು, ಶಾಲೆಗೆ ಹೋಗುವ ಮಕ್ಕಳ ಬೂಟಿನೊಳಗೆ ಇರುವಂಥದ್ದು. ಜಾರಿ ಬೀಳದ ಹಾಗೆ ಮಣಿಕಟ್ಟಿನ ಹತ್ತಿರ ಲಾಡಿಯಿಂದ ಬಿಗಿದು ಕಟ್ಟಿದ್ದರು. ನಾನು ಗಾಯವಾಗಿದೆ ಎಂದುಕೊಂಡು ಅಂಗಳಕ್ಕೆ ಓಡಿದೆ.

"ಎಂತ ಆಯ್ತೆ ಕೈಗೆ? ಸುಟ್ಕಂಡಿತಾ?"

"ಎಂತದೂ ಆಯ್ಲಿಲ್ಲೆ ಅಬ್ಬಿ," ಎಂದಳು ಮಗಳು, ನನ್ನ ಮುಖ ನೋಡದೆ. "ಅತ್ತೆ ಹಾಕದ್. ಎಡಗೈ ಬಳಸ್ದೆ ಇದ್ರೆ ಬಾಯಲ್ಲ್ ಮಾತ್ ಬತ್ತಂಬ್ರ್."

ನನಗೆ ಪಿತ್ತ ನೆತ್ತಿಗೇರಿತು. ಮಗುವನ್ನು ಕೆಳಗಿಳಿಸಲೂ ಬಿಡದೆ ಅಲ್ಲೇ ಲಾಡಿ ಬಿಚ್ಚಿದೆ. ಒಳಗಿದ್ದ ಪುಟ್ಟ ಕೈ ಬೆವರಿ ಬೆಳ್ಳಗಾಗಿ, ನೀರಲ್ಲಿ ನೆನೆಸಿದ ಅವಲಕ್ಕಿಯ ಹಾಗಿತ್ತು. ಕಾಲುಚೀಲವನ್ನು ತೆಗೆದುಕೊಂಡು ಹೋಗಿ ಬಚ್ಚಲೊಲೆಗೆ ಹಾಕಿದೆ. ಚಟಚಟ ಉರಿಯಿತು. ಆಹಾ, ಹೊಟ್ಟೆ ತಂಪಾಯಿತು!

"ಅಬ್ಬಿ, ಅದ್ರ್ ಜೋಡಿ ಇನ್ನೊಂದ್ ಬೈಂದೂರಂಗ್ ಇತ್ತ್," ಎಂದಳು ಮಗಳು.

ಅವಳ ಗಂಡನಿಗೆ ಮುಂಬೈಯ ಹೋಟೆಲೊಂದರಲ್ಲಿ ಕೆಲಸ. ಅಲ್ಲಿಯ ಒಂದು ಕೋಣೆಯ ಬದುಕು ಸಾಕಾಗಿ, ಮಗಳು ಮಗುವನ್ನು ಕರೆದುಕೊಂಡು ಬೈಂದೂರಿನ ಅತ್ತೆ ಮನೆಗೆ ಬಂದು ಆಗ ಆರು ತಿಂಗಳು. ಮಗು ಬರುವಾಗ ಅದಕ್ಕೆ ನಾಲ್ಕೈದು ಶಬ್ದ ಬರುತ್ತಿತ್ತು. ಅವೂ ಅರ್ಧರ್ಧ. ಮೂರು ತುಂಬಿದರೂ ಮಾತಿಲ್ಲ, ನಾಲ್ಕು ತುಂಬಿದರೂ ಮಾತಿಲ್ಲ. ಅನ್ನ ಕಲಸುವುದು ಎಡಗೈಯಲ್ಲಿ, ಕಲ್ಲು ಎಸೆಯುವುದು ಎಡಗೈಯಲ್ಲಿ. ಬೀಗಿತ್ತಿ ಈ ಎರಡನ್ನೂ ಕೂಡಿಸಿ ಲೆಕ್ಕ ಬಿಡಿಸಿಬಿಟ್ಟಿದ್ದರು. ಕಾಲುಚೀಲ ಹಾಕಿದ ಮೇಲೆ ಮಗುವಿನ ಆ ನಾಲ್ಕೈದು ಶಬ್ದವೂ ನಿಂತುಹೋಗಿತ್ತು.

ನನಗೆ ಈ ಕಥೆ ಹೊಸದಲ್ಲ. ನಾನೂ ಎಡಚಿ.

ನನ್ನ ಅಬ್ಬಿ ಕುಂದಾಪುರದ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುತ್ತಿದ್ದಳು. ರಜೆಯಲ್ಲಿ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಮೊದಲ ಗಿರಾಕಿಗೆ ನಾನು ಬಂಗುಡೆಯನ್ನು ಎಡಗೈಯಲ್ಲಿ ಎತ್ತಿ ಕೊಟ್ಟೆ. ಆ ಹೆಂಗಸು ಹಾವು ಕಂಡವಳ ಹಾಗೆ ಹಿಂದೆ ಸರಿದು, ಮೀನು ಬಿಟ್ಟು ಹೊರಟೇ ಹೋದಳು. ಎಡಗೈಯಲ್ಲಿ ಬೋಣಿ ಆದರೆ ಆ ದಿನದ ವ್ಯಾಪಾರ ಕೆಟ್ಟಿತು ಎಂದು ಪೇಟೆಯಲ್ಲಿ ಎಲ್ಲರೂ ನಂಬುತ್ತಿದ್ದ ಕಾಲ ಅದು. ಅಬ್ಬಿ ಬೈಯಲಿಲ್ಲ, ಹೊಡೆಯಲಿಲ್ಲ. ಮನೆಗೆ ಬಂದು ನನ್ನ ಎಡಗೈಯನ್ನು ಮೈ ಒರೆಸುವ ಬೈರಾಸಿನಿಂದ ಸೊಂಟಕ್ಕೆ ಕಟ್ಟಿದಳು. ನನಗಾಗ ಆರು ವರ್ಷ. ಶಾಲೆಯಲ್ಲಿ ಮಾಸ್ಟ್ರಿಗೂ ಹೇಳಿ ಬಂದಳು. ಅವರ ಅಡಿಕೋಲು ಉಳಿದ ಕೆಲಸ ಮುಗಿಸಿತು.

ಆ ವರ್ಷವೇ ನನಗೆ ತೊದಲು ಶುರುವಾದದ್ದು. 'ಕ' ಎನ್ನಲು ಹೋದರೆ ಗಂಟಲಿನಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಂತೆ. ಕೈ ಕಟ್ಟಿದ್ದರಿಂದಲೇ ತೊದಲು ಬಂತು ಎಂದು ಈಗಿನ ಡಾಕ್ಟರುಗಳು ಯಾರೂ ಆಣೆ ಹಾಕಿ ಹೇಳುವುದಿಲ್ಲ. ಸಾಬೀತಾಗಿಲ್ಲ ಎನ್ನುತ್ತಾರೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾನೂ ತರಗತಿಯಲ್ಲಾದರೆ ಹಾಗೇ ಹೇಳುತ್ತೇನೆ. ನನ್ನ ನಾಲಿಗೆಯನ್ನು ಕೇಳಿದರೆ ಅದು ಬೇರೆ ಕಥೆ ಹೇಳುತ್ತದೆ. ಒಂದೇ ಒಂದು ಪುಣ್ಯ, ಪೇಟೆಯಲ್ಲಿ ನಿಂತು "ಬನ್ನಿ ಬನ್ನಿ, ಫ್ರೆಶ್ಶ್ ಬೈಗೆ ಮೀನ್!" ಎಂದು ಕೂಗುವಾಗ ತೊದಲು ಬರುತ್ತಿರಲಿಲ್ಲ. ಹಾಗಾಗಿ ಕೂಗಿಕೂಗಿಯೇ ಬೆಳೆದೆ, ಕೂಗಿಕೂಗಿಯೇ ಪಾಠ ಮಾಡಿದೆ. ಮಕ್ಕಳು ನನಗೆ 'ಮೈಕ್ ಟೀಚರ್' ಎಂದು ಹೆಸರಿಟ್ಟಿದ್ದು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆ.

ಬರೆಯುವುದು ಮಾತ್ರ ಬಲಗೈಯಲ್ಲೇ ಉಳಿಯಿತು. ಮದುವೆಯಾಗಿ ನನ್ನದೇ ಅಡುಗೆಮನೆ ಆದ ಮೇಲೆ ಮೀನು ಕೊಯ್ಯುವುದು, ಸೌಟು ತಿರುಗಿಸುವುದು, ಗುಡಿಸುವುದು ಎಲ್ಲ ಎಡಗೈಗೆ ವಾಪಸು ಬಂದವು. ಬಳಪ, ಪೆನ್ನು, ಸೀಮೆಸುಣ್ಣ ಬರಲಿಲ್ಲ. ಎಡಗೈಗೆ ಪೆನ್ನು ಕೊಟ್ಟರೆ ಆಗಲೂ ಅಡಿಕೋಲಿನ ಸಪ್ಪಳ ಕೇಳುತ್ತಿತ್ತು.

ಕಾಲುಚೀಲ ಸುಟ್ಟ ಸುದ್ದಿ ಮರುದಿನವೇ ಬೈಂದೂರಿಗೆ ಮುಟ್ಟಿತು. ಬೀಗಿತ್ತಿಯ ಫೋನು ಬಂತು. ಅವರದು ಒಣಮೀನಿನ ವ್ಯಾಪಾರ, ಗಂಡ ತೀರಿಕೊಂಡ ಮೇಲೆ ಒಬ್ಬರೇ ನಿಂತು ಕಟ್ಟಿದ್ದು. ಸ್ವರವೂ ಅದಕ್ಕೆ ತಕ್ಕ ಹಾಗೆ.

"ಹ್ವಾಯ್ ಟೀಚರಮ್ಮ, ನಿಮ್ಗ್ ನನ್ ಮೇಲೆ ಸಿಟ್ಟಿದ್ರೆ ನಂಗೆ ಬೈಯಿನಿ. ಚೀಲ ಎಂತಕ್ ಸುಟ್ಟದ್? ಹೆಣ್ ಹುಡ್ಗಿ ಅದ್. ನಾಳೆ ಎಡಗೈಲಿ ಬಡ್ಸಿರೆ ಯಾರ್ ಉಂಬುದ್? ಅದ್ರ್ ಮೇಲೆ ಮಾತೂ ಇಲ್ಲೆ ಅಂದ್ರೆ?"

"ಕೈಗೂ ಬಾಯಿಗೂ ಎಂತ ಸಂಬಂಧ?" ಎಂದೆ ನಾನು, ಮೈಕ್ ಸ್ವರದಲ್ಲಿ.

"ಸಂಬಂಧ ಇಲ್ದಿದ್ರೆ ಮಾತ್ ಎಂತಕ್ ಬಪ್ಪುದಿಲ್ಲೆ? ನೀವ್ ಓದ್ದವ್ರ್, ಹೇಳಿನಿ ಕಾಂಬ."

ಉತ್ತರ ಇಲ್ಲದಾಗಲೇ ನಾನು ಹೆಚ್ಚು ಮಾತಾಡುವುದು. "ನವರಾತ್ರಿಯೊಳಗೆ ಮಾತು ಬರಿಸುತ್ತೇನೆ, ಬರದಿದ್ದರೆ ನೀವು ಹೇಳಿದ ಹಾಗೆ" ಎಂದುಬಿಟ್ಟೆ. ಬೀಗಿತ್ತಿ ಪಟ್ಟನೆ ಹಿಡಿದುಕೊಂಡರು. ವಿಜಯದಶಮಿಯ ದಿನ ಬೈಂದೂರಿನ ಮನೆಯಲ್ಲಿ ಮಗುವಿಗೆ ವಿದ್ಯಾರಂಭ. ಅಲ್ಲಿಯವರೆಗೆ ತಾಯಿ ಮಗು ಗುಲ್ವಾಡಿಯಲ್ಲೇ ಇರಲಿ. ಅಷ್ಟರಲ್ಲಿ ಮಗು ಬಾಯಿಬಿಟ್ಟು ಮಾತಾಡಿದರೆ ಯಾವ ಕೈಯಲ್ಲಿ ಬೇಕಾದರೂ ಬರೆಯಲಿ. ಇಲ್ಲದಿದ್ದರೆ ಅಂದಿನಿಂದ ಎಡಗೈಗೆ ಚೀಲ, ಬಲಗೈಗೆ ಬಳಪ, ನಾನು ತುಟಿ ಪಿಟಕ್ಕೆನ್ನುವಂತಿಲ್ಲ. ಫೋನು ಇಟ್ಟ ಮೇಲೆ ಮಗಳು ತಲೆ ಚಚ್ಚಿಕೊಂಡಳು. "ನಿಂಗ್ ಬಾಯ್ ಸುಮ್ನಿಪ್ಪುದೇ ಇಲ್ಯಾ ಅಬ್ಬಿ?" ಎಂದಳು.

ಆ ವಾರವಿಡೀ ನಾನು ಕನ್ನಡಕ ಏರಿಸಿ ಫೋನಿನಲ್ಲಿ ಓದಿದ್ದೇ ಓದಿದ್ದು. ಮನುಷ್ಯರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಬ್ಬರು ಎಡಗೈಯವರು, ಉಳಿದವರೆಲ್ಲ ಬಲಕ್ಕೆ ವಾಲಿದವರು. ಇಡೀ ಕುಲವೇ ಹೀಗೆ ಒಂದೇ ಬದಿಗೆ ವಾಲುವುದು ಪ್ರಾಣಿಗಳಲ್ಲಿ ಅಪರೂಪವಂತೆ. ಹೊಟ್ಟೆಯೊಳಗಿನ ಶಿಶು ಯಾವ ಹೆಬ್ಬೆರಳು ಚೀಪುತ್ತದೆ ಎಂಬಲ್ಲೇ ಅದರ ಸುಳಿವು ಸಿಗುತ್ತದೆ. ಇನ್ನು ಮಾತಿನ ಮನೆ ಹೆಚ್ಚಿನವರಲ್ಲಿ ಮಿದುಳಿನ ಎಡಭಾಗದಲ್ಲಿದೆ, ಬಲಗೈಯನ್ನು ಆಡಿಸುವುದೂ ಅದೇ ಎಡಭಾಗ. ಮನುಷ್ಯನ ಕೈಯ ಕಸುಬು ಮತ್ತು ಮಾತು ಒಟ್ಟೊಟ್ಟಿಗೆ ಬೆಳೆದವು, ಕೈಸನ್ನೆಯಿಂದಲೇ ಮಾತು ಹುಟ್ಟಿತು ಎಂದು ವಾದಿಸುವವರೂ ಇದ್ದಾರೆ. ಇದನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಬೀಗಿತ್ತಿ ಹೇಳಿದ್ದೇ ಸರಿಯಾದರೆ? ನನ್ನ ರಕ್ತವೇ ಮಗುವಿನ ಬಾಯಿ ಕಟ್ಟಿದ್ದಾದರೆ? ಎರಡು ಸಾಲು ಕೆಳಗೆ ಓದಿದೆ, ಎಡಗೈಯವರಲ್ಲೂ ಬಹುಪಾಲು ಜನರಿಗೆ ಮಾತು ಇರುವುದು ಆ ಎಡಭಾಗದಲ್ಲೇ. ಅಬ್ಬಾ, ಹೋದ ಜೀವ ಬಂತು.

ಅದೇ ಓದಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಬಹಳ ಬಹಳ ಹಿಂದಿನ ಆದಿಮಾನವರ ಮುಂದಿನ ಹಲ್ಲುಗಳ ಮೇಲೆ ಸಣ್ಣ ಗೀರುಗಳಿವೆಯಂತೆ. ಮಾಂಸವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಹಿಡಿದು, ಕಲ್ಲಿನ ಚೂರಿಯಿಂದ ಕೊಯ್ಯುವಾಗ ತಾಗಿದ ಗೀರು. ಅದು ಯಾವ ಕಡೆಗೆ ಓರೆಯಾಗಿದೆ ಎಂದು ನೋಡಿ, ಆ ಮನುಷ್ಯ ಯಾವ ಕೈಯವನು ಎಂದು ಹೇಳುತ್ತಾರೆ. ಓದುತ್ತಿದ್ದಂತೆ ನನಗೆ ಅಬ್ಬಿ ಕಣ್ಣ ಮುಂದೆ ಬಂದಳು. ಮಳೆಗಾಲದಲ್ಲಿ ಅಪ್ಪನ ಬಲೆ ಹೊಲಿಯಲು ಕೂತಾಗ ಅವಳೂ ದಾರವನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಕೈಯಿಂದ ಎಳೆದು, ಸಣ್ಣ ಕತ್ತಿಯಿಂದ ಟಕ್ಕೆಂದು ಕೊಯ್ಯುತ್ತಿದ್ದಳು. ಯಾವಾಗಲೂ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಯಾಕೆ ಎಂದು ನಾನು ಕೇಳಿದವಳಲ್ಲ. ಕಣ್ಣು ಮುಚ್ಚಿ ಮತ್ತೆ ಮತ್ತೆ ನೆನಪು ಮಾಡಿಕೊಂಡೆ. ದಾರ ಎಳೆದು ಹಿಡಿದದ್ದು ಬಲಗೈ. ಕತ್ತಿ ಇದ್ದದ್ದು ಎಡಗೈಯಲ್ಲಿ!

ಓ ದೇವರೇ, ನನ್ನ ಅಬ್ಬಿಯೂ ಎಡಚಿ. ಪೇಟೆಯಲ್ಲಿ ಜೀವಮಾನವಿಡೀ ಬಲಗೈಯಲ್ಲಿ ಮೀನು ಕೊಟ್ಟು, ಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ತನ್ನ ಕೈ ಬಳಸಿದವಳು. ನನ್ನ ಕೈ ಕಟ್ಟಿದ್ದು ಕೋಪದಿಂದಲ್ಲ, ತಾನು ಪಟ್ಟ ಪಾಡು ನನಗೆ ಬೇಡ ಎಂದು. ಅವಳು ಹೋಗಿ ಇಪ್ಪತ್ತು ವರ್ಷವಾದ ಮೇಲೆ, ಗುಲ್ವಾಡಿಯ ಜಗಲಿಯಲ್ಲಿ ಕೂತು, ಇಷ್ಟು ಸಣ್ಣ ವಿಷಯಕ್ಕೆ ನಾನು ಗಳಗಳ ಅತ್ತೆ.

ಇದಕ್ಕೆಲ್ಲ ಒಂದೇ ವಂಶವಾಹಿಯ ಕಡೆಗೆ ಬೆರಳು ಮಾಡಿ ತೋರಿಸುವ ಹಾಗಿಲ್ಲ. ಎಷ್ಟೋ ಸಣ್ಣ ಸಣ್ಣ ವಂಶವಾಹಿಗಳು ಒಂದೊಂದು ಸಣ್ಣ ನೂಕು ಕೊಡುತ್ತವೆ, ಉಳಿದದ್ದು ಆಕಸ್ಮಿಕ. ಒಂದೇ ಬಸಿರಿನ ತದ್ರೂಪಿ ಅವಳಿಗಳಲ್ಲೂ ಒಂದು ಎಡ, ಒಂದು ಬಲ ಆಗುವುದುಂಟು. ನನ್ನ ಮಗಳಂತೂ ಪಕ್ಕಾ ಬಲಗೈಯವಳು. ಅಬ್ಬಿ, ನಾನು, ನಡುವೆ ಒಂದು ಮೆಟ್ಟಿಲು ಹಾರಿ ಈ ಪುಟ್ಟಿ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಅಂದಿನಿಂದ ಪುಟ್ಟಿಯೂ ನಾನೂ ಬಾಗಿಲಿಗೆ ಮುಖ ಮಾಡಿಯೇ ಎಡಗೈ ಕೆಲಸ ಮಾಡಿದೆವು. ಇಬ್ಬರೂ ಹೊಳೆಗೆ ಎಡಗೈಯಲ್ಲಿ ಕಲ್ಲು ಬೀಸಿದೆವು. ನಾನು ಮೀನು ಕೊಯ್ಯುವಾಗ ಅವಳು ಎದುರು ಕೂತು ನನ್ನ ಕೈಯನ್ನೂ ತನ್ನ ಕೈಯನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು.

ಆದರೂ ಮಾತು ಬರಲಿಲ್ಲ.

ಬ್ರಹ್ಮಾವರದಲ್ಲಿ ಮಾತಿನ ತರಬೇತಿ ಕೊಡುವ ಒಬ್ಬಳು ಇದ್ದಾಳೆ ಎಂದು ಗೊತ್ತಾಗಿ, ಮಗಳನ್ನೂ ಪುಟ್ಟಿಯನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ತೆಕ್ಕಟ್ಟೆ ದಾಟುವವರೆಗೂ ಮಗಳಿಗೆ ವಂಶವಾಹಿಯ ಪಾಠ. ಅವಳು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ಅಲ್ಲಿ ಹೋಗಿ ನೋಡಿದರೆ ಆ ತರಬೇತಿಯವಳು ನನ್ನದೇ ಹಳೆಯ ವಿದ್ಯಾರ್ಥಿನಿ! ನನಗೆ ಬಲ ಬಂತು. ಎಡಗೈ, ಎಡಮಿದುಳು, ಹಲ್ಲಿನ ಗೀರು, ಅಬ್ಬಿಯ ಕತ್ತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಅವಳು ಸುಮ್ಮನೆ ಕೇಳಿದಳು. ಆಮೇಲೆ ಪುಟ್ಟಿಯ ಬೆನ್ನ ಹಿಂದೆ ಹೋಗಿ, ಸಣ್ಣಗೆ ಗಿಲಕಿ ಆಡಿಸಿದಳು. ಪುಟ್ಟಿ ತಿರುಗಲಿಲ್ಲ. ಇನ್ನೊಂದು ಕಿವಿಯ ಹತ್ತಿರ ಆಡಿಸಿದಳು. ಆಗಲೂ ತಿರುಗಲಿಲ್ಲ.

"ಟೀಚರ್, ಇದ್ರ್ ಕಿವಿ ಪರೀಕ್ಷೆ ಮಾಡ್ಸಿದ್ರಾ?"

ನಾನು ಮಗಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

"ನೀವೂ ಕೈಯನ್ನೇ ಕಾಣ್ತಾ ಇದ್ದದ್ದಾ ಟೀಚರ್?" ಎಂದು ಅವಳು ನಕ್ಕಳು. ಕೆಟ್ಟ ನಗುವಲ್ಲ. ಆದರೂ ಆ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಮೂವತ್ತೈದು ವರ್ಷ ಕರಿಹಲಗೆಯ ಮೇಲೆ ಕಿವಿಯ ಚಿತ್ರ ಬರೆದವಳು ನಾನು. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಮೂರು ಮೂಳೆಗಳ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಮನೆಯ ಮಗುವಿನ ಕಿವಿ ನೆನಪಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದವರು ಬೀಗಿತ್ತಿ, ಎಮ್ಮೆಯ ಪರ ವಾದಿಸುತ್ತಾ ಕೂತವಳು ನಾನು. ಎತ್ತನ್ನು ಇಬ್ಬರೂ ನೋಡಲಿಲ್ಲ.

ಕಿವಿಯ ಡಾಕ್ಟರು ನೋಡಿ ಹೇಳಿದರು. ಎರಡೂ ಕಿವಿಯ ಪರದೆಯ ಹಿಂದೆ ಅಂಟಿನಂಥ ನೀರು ತುಂಬಿದೆ, ಶೀತ ಆಗಿ ಆಗಿ ಹೀಗಾಗಿದೆ, ಮಗುವಿಗೆ ನಮ್ಮ ಮಾತು ನೀರಿನಡಿಯಿಂದ ಕೇಳಿದ ಹಾಗೆ ಕೇಳುತ್ತಿರಬೇಕು ಎಂದು. ಔಷಧಿಯಲ್ಲಿ ಇಳಿಯಲಿಲ್ಲ. ಕೊನೆಗೆ ಪರದೆಯಲ್ಲಿ ಸಣ್ಣ ತೂತು ಮಾಡಿ ಅಕ್ಕಿಕಾಳಿಗಿಂತ ಚಿಕ್ಕ ನಳಿಗೆ ಕೂರಿಸಿದರು.

ಮರುದಿನ ನಾನು ಒಗ್ಗರಣೆಗೆ ಸಾಸಿವೆ ಹಾಕಿದೆ. ಚಟಪಟ ಎಂದದ್ದೇ ತಡ, ಜಗಲಿಯಲ್ಲಿ ಆಡುತ್ತಿದ್ದ ಪುಟ್ಟಿ ಓಡಿ ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಇಷ್ಟಗಲ! ನಾನು ಮತ್ತೆ ಸಾಸಿವೆ ಹಾಕಿದೆ. ಅವಳು ಕುಣಿದಳು. ಮತ್ತೆ ಹಾಕಿದೆ. ಅವತ್ತಿನ ಸಾರು ಬರೀ ಸಾಸಿವೆ. ಮೂವರೂ ನಗುತ್ತಾ ಅಳುತ್ತಾ ಅದನ್ನೇ ಉಂಡೆವು.

ಆಮೇಲೆ ವಾರವಾರವೂ ಬ್ರಹ್ಮಾವರ. ಮೊದಲು 'ನೀರ್', ಆಮೇಲೆ 'ಮೀನ್', ಆಮೇಲೆ ಎಲ್ಲದಕ್ಕೂ 'ಬ್ಯಾಡ'. ಆದರೆ ಅದು ಗುಲ್ವಾಡಿಯಲ್ಲಿ, ನನ್ನ ಮತ್ತು ಮಗಳ ಎದುರು ಮಾತ್ರ. ಹೊರಗಿನವರನ್ನು ಕಂಡರೆ ತುಟಿ ಹೊಲಿದ ಹಾಗೆ. ವಿಜಯದಶಮಿ ಹತ್ತಿರ ಬಂದೇಬಿಟ್ಟಿತು.

ಆ ಬೆಳಿಗ್ಗೆ ಬೈಂದೂರಿನ ಮನೆಯಲ್ಲಿ ನೆಂಟರು ತುಂಬಿದ್ದರು. ದೇವರ ಮುಂದೆ ಹಿತ್ತಾಳೆಯ ಹರಿವಾಣದಲ್ಲಿ ಬೆಳ್ತಿಗೆ ಅಕ್ಕಿ ಹರಡಿ ಇಟ್ಟಿದ್ದರು. ಪಕ್ಕದಲ್ಲಿ ತೆಂಗಿನಕಾಯಿ, ಹೂವು, ಮಡಚಿಟ್ಟ ಒಂದು ನೀಲಿ ಕಾಲುಚೀಲ. ಬೀಗಿತ್ತಿ ಮರೆತಿರಲಿಲ್ಲ. ಕಿವಿಯ ವಿಷಯವನ್ನೆಲ್ಲ ಮಗಳು ಅವರಿಗೆ ಹೇಳಿದ್ದಳು.

"ಕಿವಿ ಸರಿ ಆದ್ದ್ ಒಳ್ಳೇದೇ ಆಯ್ತ್. ಆರೆ ಮಾತ್ ಎಲ್ಲಿತ್ತ್?" ಎಂದರು. ಬಂದಾಗಿನಿಂದ ಪುಟ್ಟಿಯನ್ನು ಹತ್ತು ಸಲ ಮಾತಾಡಿಸಿ ನೋಡಿದ್ದರು. ಅವಳು ತಾಯಿಯ ಸೀರೆಯಲ್ಲಿ ಮುಖ ಹುದುಗಿಸಿದ್ದಳು, ಅಷ್ಟೇ. "ನಾನ್ ಮಾತಿಗ್ ತಪ್ಪುವಳಲ್ಲ, ನೀವೂ ತಪ್ಪುಕಾಗ. ಬನ್ನಿ, ಇಷ್ಟ್ ಮಕ್ಕಳಿಗ್ ಕಲ್ಸದ್ ಕೈ ನಿಮ್ದ್. ನೀವೇ ಬರ್ಸಿನಿ."

ನನಗೆ ಆ ಮರ್ಯಾದೆಯೂ ಮುಳ್ಳಿನ ಹಾಗೆ ಚುಚ್ಚಿತು. ಮಣೆಯ ಮೇಲೆ ಕೂತು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಒಪ್ಪಂದ ಹಾಳಾಗಿ ಹೋಗಲಿ, ಎಷ್ಟು ಜನ ನೋಡಿದರೂ ಸರಿ, ಇವಳ ಎಡಗೈಯನ್ನೇ ಹಿಡಿದು ಬರೆಸುತ್ತೇನೆ ಎಂದು. ಎಲ್ಲರೂ ಸುತ್ತ ನಿಂತರು. ನಾನು ದೇವರಿಗೆ ಕೈ ಮುಗಿದು, ಮಗುವಿನ ಕೈ ಹಿಡಿದು, ತೋರುಬೆರಳನ್ನು ಅಕ್ಕಿಯಲ್ಲಿ ಊರಿದೆ. 'ಶ್ರೀ'ಯ ಮೊದಲ ಸುತ್ತು ಎಳೆದೆ.

ಪುಟ್ಟಿ ಕೈಯನ್ನು ರಪ್ಪನೆ ಕಿತ್ತುಕೊಂಡಳು. ಅಕ್ಕಿ ನೆಲಕ್ಕೆ ಚೆಲ್ಲಿತು.

"ಅಮ್ಮಮ್ಮಾ, ಆ ಕೈ ಅಲ್ಲ!"

ನಾನು ಕೆಳಗೆ ನೋಡಿದೆ. ನಾನು ಹಿಡಿದದ್ದು ಅವಳ ಬಲಗೈ. ಹಿಡಿದ ನನ್ನ ಕೈಯೂ ಬಲಗೈ. ಯಾರೂ ಒತ್ತಾಯ ಮಾಡಿರಲಿಲ್ಲ, ಯಾರೂ ಅಡಿಕೋಲು ಎತ್ತಿರಲಿಲ್ಲ. ಕಾಲುಚೀಲ ಸುಟ್ಟವಳು ನಾನೇ, ಬೀಗಿತ್ತಿಯ ಜೊತೆ ಜಗಳ ಕಾದವಳು ನಾನೇ, ಕೊನೆಗೆ ಅಕ್ಷರ ಎಂದ ಕೂಡಲೇ ಬಲಗೈ ಹಿಡಿದವಳೂ ನಾನೇ.

ಪುಟ್ಟಿ ತನ್ನ ಎಡಗೈಯನ್ನು ಅಕ್ಕಿಯ ಮೇಲೆ ಇಟ್ಟಳು. "ಈ ಕೈ," ಎಂದಳು. ಆಮೇಲೆ ಹಿಂದೆ ತಿರುಗಿ, ನನ್ನ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ನನ್ನ ಎಡಗೈಯನ್ನು ಬೆರಳು ಹಿಡಿದು ಎಳೆದು, ತನ್ನ ಕೈಯ ಮೇಲೆ ಇಟ್ಟುಕೊಂಡಳು. "ನಿಂದೂ ಈ ಕೈ."

"ಅಯ್ಯೋ, ಮಾತಾಡ್ತೇ!" ಎಂದು ಚೀರಿದ್ದು ಬೀಗಿತ್ತಿ. "ನನ್ ಬಂಗಾರಿ ಮಾತಾಡ್ತಲ್ಲೇ! ಬರಿ ಮಗಾ ಬರಿ, ಯಾವ್ ಕೈಯಾರೂ ಸೈ, ಕಾಲಲ್ಲಾರೂ ಬರಿ!" ಅವರ ಕಣ್ಣಿಂದ ಧಾರಾಕಾರ ನೀರು. ಸೆರಗು ಸಿಕ್ಕದೆ, ಕೈಗೆ ಸಿಕ್ಕಿದ ನೀಲಿ ಕಾಲುಚೀಲದಿಂದಲೇ ಮುಖ ಒರೆಸಿಕೊಂಡರು. ಅದನ್ನು ಕಂಡು ಮಗಳು ಅಳುವುದನ್ನು ಬಿಟ್ಟು ನಕ್ಕಳು.

ಐವತ್ತಾರು ವರ್ಷದಿಂದ ನನ್ನ ಎಡಗೈ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಸುತ್ತು ಹಿಂದುಮುಂದಾಯಿತು, ಒತ್ತು ಎಲ್ಲಿಗೋ ಹೋಯಿತು, ದೀರ್ಘ ಹರಿವಾಣದ ಅಂಚು ಹತ್ತಿತು. ಆರು ವರ್ಷದ ಹುಡುಗಿ ಬರೆದ 'ಶ್ರೀ' ಅದು. ಬೈರಾಸಿನಿಂದ ಕೈ ಕಟ್ಟಿಸಿಕೊಳ್ಳುವ ಮೊದಲು ಅವಳು ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಶುರುವಾಗಿತ್ತು. ಅಬ್ಬಿ ನೋಡಬೇಕಿತ್ತು ಎಂದು ಎಷ್ಟು ಆಸೆಯಾಯಿತೆಂದರೆ, ನಾನು ತಿರುಗಿ ಬಾಗಿಲ ಕಡೆಗೆ ನೋಡಿಯೇಬಿಟ್ಟೆ.

ಪುಟ್ಟಿ ಮಾತ್ರ ತಲೆ ಓರೆ ಮಾಡಿ ಅಕ್ಷರವನ್ನು ಪರೀಕ್ಷಿಸಿದಳು. ನಾನು ಮೂವತ್ತೈದು ವರ್ಷ ಮಕ್ಕಳ ಕಾಪಿಪುಸ್ತಕ ನೋಡುತ್ತಿದ್ದದ್ದು ಹಾಗೆಯೇ. ಆಮೇಲೆ ಅಂಗೈಯಿಂದ ಅಕ್ಕಿಯನ್ನು ಸರ್ರನೆ ಒರೆಸಿ ಸಮ ಮಾಡಿದಳು.

"ಚಂದ ಇಲ್ಲೆ," ಎಂದಳು. "ಇನ್ನೊಂದ್ ಸಲ ಬರಿ ಅಮ್ಮಮ್ಮ."

ನಾನು ಎಡಗೈಯಲ್ಲಿ ಇನ್ನೊಂದು ಸಲ ಬರೆದೆ.